ದೋಣಿ ಎಂಜಿನ್‌ನ ಗಡುಸಾದ ರಾ ವಾಟರ್ ಹೋಸ್ ಬಿಚ್ಚುವುದು, ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕೈಯಷ್ಟೇ ತೂರುವ ಸಂದಿಯಲ್ಲಿ, ವರ್ಷಗಟ್ಟಲೆ ಅಲ್ಲಾಡದ ಹೋಸ್ ಹಿಡಿದು ಎಳೆಯುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಉತ್ತರಗಳನ್ನು ಓದುವ ಮೊದಲು ಒಂದು ಮಾತು ನೆನಪಿನಲ್ಲಿರಲಿ. ಹಳೆಯ ಹೋಸ್ ಹೇಗಿದ್ದರೂ ಕಸಕ್ಕೆ ಹೋಗುವಂಥದ್ದು. ಅದು ಕೂತಿರುವ ಲೋಹದ ಮೂತಿ ಪಂಪಿನದ್ದೋ, ಎಂಜಿನ್ನಿನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನದ್ದೋ ಭಾಗ. ಅದು ಬಗ್ಗಿದರೆ, ಸೀಳಿದರೆ, ಒಂದು ತುಂಡು ರಬ್ಬರಿಗಾಗಿ ಇಡೀ ಬಿಡಿಭಾಗವನ್ನೇ ಬದಲಾಯಿಸಬೇಕಾಗುತ್ತದೆ. ಹೋಸ್ ಹೋದರೆ ಹೋಗಲಿ, ಮೂತಿ ಉಳಿಯಬೇಕು.

ರಾ ವಾಟರ್ ಹೋಸ್ ಎಂದರೆ ಯಾವುದು? ಎಂಜಿನ್ ಮೇಲೆ ಹತ್ತಾರು ಹೋಸ್‌ಗಳಿವೆ.

ದೋಣಿ ತೇಲುತ್ತಿರುವ ನೀರನ್ನೇ ಒಳಗೆಳೆದು ಎಂಜಿನ್ ತಂಪಾಗಿಸಿ ಹೊರಹಾಕುವ ದಾರಿಯಲ್ಲಿರುವ ಹೋಸ್‌ಗಳು. ದೋಣಿಯ ತಳದ ಸೀಕಾಕ್ ವಾಲ್ವ್‌ನಿಂದ ಹೊರಟು ಕಸ ಸೋಸುವ ಸ್ಟ್ರೈನರ್, ಅಲ್ಲಿಂದ ಇಂಪೆಲರ್ ಎಂಬ ರಬ್ಬರ್ ರೆಕ್ಕೆಚಕ್ರ ಇರುವ ಪಂಪು, ಕೆಲವು ಎಂಜಿನ್‌ಗಳಲ್ಲಿ ಗೇರ್‌ಬಾಕ್ಸ್ ಕೂಲರ್, ಬಳಿಕ ಹೀಟ್ ಎಕ್ಸ್‌ಚೇಂಜರ್, ಕೊನೆಗೆ ಹೊಗೆಯೊಂದಿಗೆ ನೀರು ಬೆರೆಯುವ ಮಿಕ್ಸಿಂಗ್ ಎಲ್ಬೋ. ನಡುವೆ ಎಲ್ಲಾದರೂ ಎತ್ತರಕ್ಕೆ ಏರಿ ಇಳಿಯುವ ಬಾಗು ಇದ್ದು, ಅದರ ನೆತ್ತಿಯ ಮೇಲೆ, ನಿಂತ ಎಂಜಿನ್‌ನೊಳಗೆ ನೀರು ತಾನಾಗಿ ಹರಿದುಬರದಂತೆ ತಡೆಯುವ ಚಿಕ್ಕ ಆಂಟಿ ಸೈಫನ್ ವಾಲ್ವ್ ಕೂತಿರಬಹುದು. ಹೀಟ್ ಎಕ್ಸ್‌ಚೇಂಜರ್ ಇಲ್ಲದ ಹಳೆಯ ಎಂಜಿನ್‌ಗಳಲ್ಲಿ ಇದೇ ನೀರು ನೇರವಾಗಿ ಎಂಜಿನ್ ಬ್ಲಾಕ್‌ನೊಳಗೆ ಓಡುತ್ತದೆ. ಎಂಜಿನ್ ಮತ್ತು ಹೀಟ್ ಎಕ್ಸ್‌ಚೇಂಜರ್ ನಡುವೆ ಕೂಲಂಟ್ ಹರಿಯುವ ಹೋಸ್‌ಗಳು ಬೇರೆ. ಅವುಗಳ ಕಥೆ ಇಲ್ಲಿಲ್ಲ.

ಕೆಲಸ ಶುರುಮಾಡುವ ಮೊದಲು ಈ ಇಡೀ ದಾರಿಯನ್ನು ಬೆರಳಿನಿಂದ ಮುಟ್ಟುತ್ತ ಹಿಂಬಾಲಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಯಾವ ಹೋಸ್ ಯಾವುದರ ಕೆಳಗಿಂದ ನುಸುಳಿತ್ತು ಎಂಬುದು ಬಿಚ್ಚಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಹೋಸ್ ಇಷ್ಟು ಗಡುಸಾಗುವುದು ಏಕೆ?

ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಎಂಜಿನ್ ಕೋಣೆಯ ಬಿಸಿ, ಎಣ್ಣೆಯ ಆವಿ ಮತ್ತು ಗಾಳಿಯಲ್ಲಿರುವ ಓಜೋನ್ ಸೇರಿ ರಬ್ಬರಿನ ಮೆದುತನವನ್ನು ತೆಗೆದುಬಿಡುತ್ತವೆ. ಎಗ್ಸಾಸ್ಟ್ ಕಡೆಯ ಹೋಸ್‌ಗಳು ಮೊದಲು ಗಡುಸಾಗುವುದು ಇದೇ ಕಾರಣಕ್ಕೆ. ಇನ್ನೊಂದೆಡೆ, ಕ್ಲಾಂಪಿನ ಕೆಳಗೆ ಹನಿಹನಿಯಾಗಿ ನುಸುಳಿದ ಉಪ್ಪುನೀರು ಲೋಹವನ್ನು ತಿಂದು, ಆ ಕಿಲುಬು ರಬ್ಬರಿನೊಳಗೆ ಬೇರೂರುತ್ತದೆ. ಹೀಗೆ ಅಂಟಿದ ಹೋಸ್ ಎಷ್ಟು ಎಳೆದರೂ ಬರುವುದಿಲ್ಲ. ಎಳೆತಕ್ಕೆ ಕಿಲುಬಿನ ಪದರ ಬಿಡುವುದಿಲ್ಲ, ತಿರುಚಿದರೆ ಬಿಡುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಗುಣವನ್ನೇ ನಂಬಿಕೊಂಡಿವೆ.

ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇದೆ. ಬದಲಾಯಿಸಲೇಬೇಕೆ?

ಹೊರಗಿನ ನೋಟವನ್ನು ನಂಬಬೇಡಿ. ಹೋಸನ್ನು ಉದ್ದಕ್ಕೂ ಒತ್ತುತ್ತ ಹೋಗಿ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ ಸಿಕ್ಕಿದರೆ ಒಳಪದರ ಬಿಟ್ಟುಕೊಂಡಿದೆ ಎಂದರ್ಥ. ಬಗ್ಗಿಸಿದಾಗ ಹೊರಮೈಯಲ್ಲಿ ಸಣ್ಣ ಬಿರುಕುಗಳು ಬಾಯಿಬಿಡುತ್ತವೆಯೇ ನೋಡಿ. ತಂತಿ ಇರುವ ಹೋಸ್‌ನ ತುದಿಯಲ್ಲಿ ಕಂದು ಕಲೆ ಇಳಿದಿದ್ದರೆ ಒಳಗಿನ ತಂತಿ ತುಕ್ಕು ಹಿಡಿದಿದೆ. ಕ್ಲಾಂಪಿನ ಪಕ್ಕದಲ್ಲಿ ಬಿಳಿ ಅಥವಾ ಹಸಿರು ಹರಳು ಕಟ್ಟಿದ್ದರೆ ಅಲ್ಲಿ ಬಹಳ ದಿನಗಳಿಂದ ನೀರು ಒಸರುತ್ತಿದೆ.

ಕಣ್ಣಿಗೆ ಬೀಳದ ಒಂದು ಕೇಡು ಇದೆ. ಒಳಪದರ ಬಿಟ್ಟುಕೊಂಡು ಹೋಸ್‌ನೊಳಗೆ ನಾಲಗೆಯಂತೆ ಜೋತುಬೀಳುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ನೀರು ಸಲೀಸಾಗಿ ಹರಿಯುತ್ತದೆ. ವೇಗ ಹೆಚ್ಚಿಸಿದೊಡನೆ ಎಳೆತ ಬಲವಾಗಿ ಆ ತುಂಡು ದಾರಿಗೆ ಅಡ್ಡಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಇಂಪೆಲರ್ ಹೊಸದು, ಸ್ಟ್ರೈನರ್ ಶುಚಿಯಾಗಿದೆ, ಆದರೂ ವೇಗದಲ್ಲಿ ಮಾತ್ರ ಬಿಸಿ ಏರುತ್ತಿದೆ ಎಂದಾದರೆ ಪಂಪಿಗೆ ನೀರು ತರುವ ಹೋಸನ್ನು ಮೊದಲು ಅನುಮಾನಿಸಿ.

ಗಡುಸಾದ ಹೋಸ್ ಇನ್ನೂ ಸೋರುತ್ತಿಲ್ಲವಾದರೆ ಈ ಋತು ಮುಗಿಯಲಿ ಎಂದು ಕಾಯಬಹುದೆ ಎಂದು ಕೇಳುವವರಿದ್ದಾರೆ. ನೀರಿನ ಮಟ್ಟಕ್ಕಿಂತ ಕೆಳಗಿರುವ ಹೋಸ್ ಆದರೆ ಕಾಯಬೇಡಿ. ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರ್ ಒಳವ್ಯಾಸದ ಹೋಸ್ ಪೂರ್ತಿ ಕಳಚಿಕೊಂಡರೆ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ಒಳನುಗ್ಗುತ್ತದೆ. ಗಂಟೆಗೆ 3,600 ಲೀಟರ್. ಬ್ಯಾಟರಿ ನೀರಲ್ಲಿ ಮುಳುಗಿದ ಮೇಲೆ, ದೋಣಿಯ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಕೂಡ ನೆರವಿಗೆ ಬರುವುದಿಲ್ಲ.

ದೋಣಿ ನೀರಿನಲ್ಲಿರುವಾಗಲೇ ಈ ಕೆಲಸ ಮಾಡಬಹುದೆ?

ಸೀಕಾಕ್ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ ಎಂದು ಖಚಿತವಿದ್ದರೆ ಮಾಡಬಹುದು. ಹಿಡಿಕೆ ತಿರುಗಿತು ಎಂದ ಮಾತ್ರಕ್ಕೆ ವಾಲ್ವ್ ಮುಚ್ಚಿತು ಎಂದಲ್ಲ. ವಾಲ್ವ್ ಮುಚ್ಚಿ, ಸ್ಟ್ರೈನರ್‌ನ ಮುಚ್ಚಳ ಸಡಿಲಿಸಿ ನೋಡಿ. ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು, ಅದರಿಂದ ನೀರು ಉಕ್ಕುತ್ತಲೇ ಇದ್ದರೆ ವಾಲ್ವ್ ಹಿಡಿಯುತ್ತಿಲ್ಲ. ಆಗ ದೋಣಿಯನ್ನು ದಡಕ್ಕೆ ಎತ್ತಿದ ಮೇಲೆಯೇ ಕೆಲಸ. ಸ್ಟ್ರೈನರ್ ಮೇಲಿದ್ದರೆ ಹೋಸ್‌ನ ಕ್ಲಾಂಪ್ ಸಡಿಲಿಸಿ, ಹೋಸನ್ನು ಸ್ವಲ್ಪವೇ ಜರುಗಿಸಿ ಪರೀಕ್ಷಿಸಬೇಕು. ಆ ಹೊತ್ತಿಗೆ ಸರಿಯಾದ ಅಳತೆಯ, ಚೂಪಾದ ಮೆದುಮರದ ಬೆಣೆ ಕೈಯಲ್ಲೇ ಇರಲಿ. ಪೆಟ್ಟಿಗೆಯಲ್ಲಿದ್ದರೆ ಸಾಲದು.

ವಾಲ್ವ್ ಮುಚ್ಚಿದ ಕೂಡಲೇ ಎಂಜಿನ್ ಕೀಲಿ ತೆಗೆದು ಸೀಕಾಕ್ ಹಿಡಿಕೆಗೇ ನೇತುಹಾಕಿ. ಕೀಲಿ ಬೇಕಾದವರು ಅಲ್ಲಿಗೇ ಬರಬೇಕು, ಬಂದವರು ಮುಚ್ಚಿದ ವಾಲ್ವ್ ಕಾಣಲೇಬೇಕು. ಇದಕ್ಕಿಂತ ಸುಲಭವಾದ, ಇದಕ್ಕಿಂತ ಭದ್ರವಾದ ಕಟ್ಟುಪಾಡು ನನಗೆ ಗೊತ್ತಿಲ್ಲ.

ಕ್ಲಾಂಪ್ ಬಿಚ್ಚಿದ್ದೇನೆ. ಹೋಸ್ ಮಾತ್ರ ಒಂದಿಷ್ಟೂ ಅಲ್ಲಾಡುತ್ತಿಲ್ಲ. ಮುಂದೇನು?

ಮೊದಲು ಕ್ಲಾಂಪನ್ನು ಪೂರ್ತಿ ಸಡಿಲಿಸಿ ಹೋಸ್‌ನ ನಡುಭಾಗಕ್ಕೆ ಸರಿಸಿ. ಅರ್ಧ ಬಿಚ್ಚಿದ ಕ್ಲಾಂಪಿನ ಪಟ್ಟಿ ರಬ್ಬರಿನಲ್ಲಿ ಅಚ್ಚೊತ್ತಿ ಕೂತು ಹೋಸನ್ನು ಹಿಡಿದೇ ಇರುತ್ತದೆ. ಒಂದರ ಬದಲು ಎರಡು ಕ್ಲಾಂಪ್ ಇದ್ದು, ಹಿಂದಿನದು ಕಣ್ಣಿಗೆ ಕಾಣದಿರುವುದೂ ಉಂಟು. ಬೆರಳಿನಿಂದ ಸುತ್ತಲೂ ತಡವಿ ನೋಡಿ.

ಬಳಿಕ ಎಳೆಯುವ ಆಸೆ ಬಿಟ್ಟು ತಿರುಚಿ. ಎರಡೂ ಕೈಗಳಿಂದ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ. ಕೈಗೆ ಜಾಗವಿಲ್ಲದಿದ್ದರೆ ಬೆಲ್ಟ್ ರೀತಿಯ ಆಯಿಲ್ ಫಿಲ್ಟರ್ ಸ್ಪ್ಯಾನರನ್ನು ಹೋಸ್‌ಗೆ ಸುತ್ತಿ ತಿರುಗಿಸಬಹುದು. ಮೂತಿ ಯಾವುದರ ಭಾಗ ಎಂಬುದನ್ನು ಈ ಹೊತ್ತಿನಲ್ಲಿ ಮರೆಯಬಾರದು. ಎರಕದ ಪಂಪಿನ ದಪ್ಪ ಮೂತಿ ಸಾಕಷ್ಟು ಬಲ ತಡೆಯುತ್ತದೆ. ಹೀಟ್ ಎಕ್ಸ್‌ಚೇಂಜರ್‌ಗೆ ಬೆಸುಗೆ ಹಾಕಿದ ತೆಳು ತಾಮ್ರದ ಕೊಳವೆ ತಡೆಯುವುದಿಲ್ಲ, ಪ್ಲಾಸ್ಟಿಕ್ ಸ್ಟ್ರೈನರ್‌ನ ಮೂತಿ ಮೊದಲೇ ತಡೆಯುವುದಿಲ್ಲ.

ತಿರುಚಿದಾಗ ಚಟ್ ಎಂಬ ಸಣ್ಣ ಸದ್ದು ಕೇಳಿಸಿದರೆ ಅಂಟು ಬಿಟ್ಟಿತು. ಅಲ್ಲಿಂದ ಮುಂದಕ್ಕೆ ತಿರುಚುತ್ತ ಹೊರಕ್ಕೆ ತಳ್ಳಿ. ಎಳೆದರೆ ಹೋಸ್ ಕಿರಿದಾಗಿ ಮೂತಿಯನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತದೆ, ತುದಿಯಿಂದ ತಳ್ಳಿದರೆ ಉಬ್ಬಿ ಸಡಿಲವಾಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಅದರೊಂದಿಗೆ ಹೋರಾಡುವುದರಲ್ಲಿ ಅರ್ಥವಿಲ್ಲ. ಕತ್ತರಿಸಿ.

ಸ್ಕ್ರೂಡ್ರೈವರ್ ತೂರಿಸಿ ಮೀಟಬಹುದೆ?

ಬೇಡ. ಅದರ ಚೂಪು ಅಂಚು ಮೂತಿಯ ಮೇಲೆ ಉದ್ದನೆಯ ಗೀರು ಎಳೆಯುತ್ತದೆ, ಹೊಸ ಹೋಸ್ ಎಷ್ಟೇ ಬಿಗಿದರೂ ಆ ಗೀರಿನುದ್ದಕ್ಕೂ ನೀರು ಒಸರುತ್ತದೆ. ತುದಿ ಬಾಗಿದ, ನುಣುಪಾದ ಕೊಕ್ಕೆಯಂತಹ ಹೋಸ್ ಪಿಕ್ ಎಂಬ ಉಪಕರಣ ಸಿಗುತ್ತದೆ. ಅದರ ತುದಿಗೆ ಸಾಬೂನು ನೀರು ಸವರಿ, ರಬ್ಬರಿಗೂ ಲೋಹಕ್ಕೂ ನಡುವೆ ತೂರಿಸಿ, ಮೂತಿಯ ಸುತ್ತ ನಿಧಾನವಾಗಿ ಒಂದು ಸುತ್ತು ತನ್ನಿ. ಆ ಸಂದಿಗೆ ಸಾಬೂನು ನೀರು ಇಳಿದರೆ ಅರ್ಧ ಕೆಲಸ ಮುಗಿಯಿತು.

ಬಿಸಿ ಮಾಡಿದರೆ ಬಿಡುವುದಿಲ್ಲವೆ?

ಬಿಡುತ್ತದೆ, ಬಿಸಿನೀರಿನಿಂದ. ಹೋಸ್‌ನ ತುದಿಗೆ ದಪ್ಪ ಬಟ್ಟೆ ಸುತ್ತಿ, ಕುದಿಯುವಷ್ಟು ಬಿಸಿಯಾದ ನೀರನ್ನು ಅದರ ಮೇಲೆ ಸುರಿದು ಕೆಲವು ನಿಮಿಷ ಬಿಟ್ಟರೆ ರಬ್ಬರ್ ಮೆದುವಾಗುತ್ತದೆ. ಕೈಗೆ ದಪ್ಪ ಗವಸು ಇರಲಿ.

ಹೀಟ್ ಗನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದರ ಬಾಯಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಸೀಸ ಮತ್ತು ತವರದ ಬೆಸುಗೆ 183 ಡಿಗ್ರಿಯಲ್ಲೇ ಕರಗಲಾರಂಭಿಸುತ್ತದೆ. ಪ್ಲಾಸ್ಟಿಕ್ ಭಾಗಗಳ ಪಾಡು ಹೇಳಬೇಕಿಲ್ಲ. ಪೆಟ್ರೋಲ್ ಎಂಜಿನ್ ಇರುವ ದೋಣಿಯಲ್ಲಂತೂ ಹೀಟ್ ಗನ್ ಆಗಲಿ ಬೆಂಕಿಯಾಗಲಿ ಎಂಜಿನ್ ಕೋಣೆಯ ಹತ್ತಿರ ಸುಳಿಯಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಶೇಖರವಾಗಿರುತ್ತದೆ.

ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಬಹುದೆ?

ಹೇಗೂ ಎಸೆಯುವ ಹೋಸ್‌ಗೆ ಸಿಂಪಡಿಸಿದರೆ ಹೋಸ್‌ಗೆ ನಷ್ಟವಿಲ್ಲ, ಲಾಭವೂ ಕಡಿಮೆ. ಮೂತಿಯ ಮೇಲೆ ಉಳಿದ ಎಣ್ಣೆ ಮಾತ್ರ ಹೊಸ ಹೋಸನ್ನು ಕೆಡಿಸುತ್ತದೆ. ಹಲವು ಹೋಸ್‌ಗಳಿಗೆ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ, ಗ್ರೀಸು ಆಗುವುದೇ ಇಲ್ಲ, ಉಬ್ಬಿ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ದ್ರವ ಸಾಕು.

ಹೋಸ್‌ನೊಳಗೆ ತಂತಿ ಇದೆ. ಕತ್ತರಿಸುವುದು ಹೇಗೆ?

ತಂತಿ ಇಲ್ಲದ ಹೋಸ್ ಆದರೆ ಚೂಪಾದ ಬ್ಲೇಡ್‌ನಿಂದ ಮೂತಿಯ ಮೇಲಿನ ಭಾಗವನ್ನು ಉದ್ದಕ್ಕೆ ಸೀಳಬೇಕು, ಆದರೆ ಒಂದೇ ಏಟಿಗೆ ಅಲ್ಲ. ರಬ್ಬರಿನ ದಪ್ಪದ ಮುಕ್ಕಾಲು ಭಾಗದಷ್ಟೇ ಕತ್ತರಿಸಿ, ಎರಡೂ ಅಂಚುಗಳನ್ನು ಇಕ್ಕಳದಿಂದ ಹಿಡಿದು ಅಗಲಿಸಿ. ಉಳಿದ ಪದರ ತಾನಾಗಿ ಹರಿಯುತ್ತದೆ, ಬ್ಲೇಡ್ ಲೋಹಕ್ಕೆ ತಾಗುವುದೇ ಇಲ್ಲ. ಕಾಲು ಸುತ್ತು ದೂರದಲ್ಲಿ ಇನ್ನೊಂದು ಸೀಳು ಹಾಕಿದರೆ ಆ ಪಟ್ಟಿ ಕಿತ್ತುಬರುತ್ತದೆ, ಉಳಿದದ್ದು ಸುಲಿದುಕೊಳ್ಳುತ್ತದೆ.

ತಂತಿ ಇದ್ದರೆ ಮೊದಲು ಮೂತಿಯಿಂದ ಒಂದೆರಡು ಇಂಚು ಆಚೆಗೆ, ಹೋಸನ್ನು ಅಡ್ಡಲಾಗಿ ಹ್ಯಾಕ್ಸಾದಿಂದ ಕತ್ತರಿಸಿ ಬೇರ್ಪಡಿಸಿ. ಈಗ ಮೂತಿಯ ಮೇಲೆ ಉಳಿದಿರುವುದು ಗಿಡ್ಡ ತುಂಡು, ಕೆಲಸಕ್ಕೆ ಜಾಗವೂ ಸಿಕ್ಕಿತು. ತುಂಡಿನ ಕತ್ತರಿಸಿದ ಬಾಯಲ್ಲಿ ತಂತಿಯ ಕೊನೆ ಇಣುಕುತ್ತಿರುತ್ತದೆ. ಅದನ್ನು ಚೂಪು ತುದಿಯ ಇಕ್ಕಳದಿಂದ ಹಿಡಿದು ಸುರುಳಿಯನ್ನು ಬಿಚ್ಚುತ್ತ ಹೊರಗೆಳೆಯಿರಿ. ತುಕ್ಕು ಹಿಡಿದ ತಂತಿ ನಡುನಡುವೆ ತುಂಡಾಗುತ್ತದೆ. ಆಗ ರಬ್ಬರಿನ ಹೊರಪದರ ಸೀಳಿ, ಕಾಣುವ ಪ್ರತಿ ಸುತ್ತನ್ನೂ ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ. ತಂತಿ ಹೋದ ಮೇಲೆ ಉಳಿಯುವುದು ಬರೀ ರಬ್ಬರ್. ತಂತಿಯ ತುದಿ ಸೂಜಿಯಷ್ಟು ಮೊನಚು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಇದಕ್ಕೆ ಕೈಹಾಕಬೇಡಿ. ತಿರುಗುವ ಕಟಿಂಗ್ ಚಕ್ರವನ್ನು ಬಳಸುವವರೂ ಇದ್ದಾರೆ. ಅದು ರಬ್ಬರಿನಿಂದ ಲೋಹಕ್ಕೆ ಇಳಿಯಲು ಕ್ಷಣವೂ ಬೇಡ, ಕಿಡಿ ಹಾರುವುದು ಬೇರೆ.

ಮೂತಿಯ ಮೇಲೆ ಕಪ್ಪು ರಬ್ಬರ್, ಹಸಿರು ಕಿಲುಬು ಉಳಿದಿದೆ.

ಪೂರ್ತಿ ತೆಗೆಯಬೇಕು. ನೈಲಾನ್ ಉಜ್ಜುಗ ಅಥವಾ ನುಣುಪು ಎಮರಿ ಕಾಗದದಿಂದ ಮೂತಿಯ ಸುತ್ತಲೂ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಬೀಳುವ ಗೆರೆಗಳು ನೀರಿಗೆ ದಾರಿಯಾಗುತ್ತವೆ, ಸುತ್ತಲೂ ಬಿದ್ದ ಗೆರೆಗಳು ಆಗುವುದಿಲ್ಲ. ಕಿಲುಬು ಹೋದ ಮೇಲೆ ಲೋಹದ ಬಣ್ಣ ನೋಡಿ. ಹಿತ್ತಾಳೆಯ ಫಿಟ್ಟಿಂಗ್ ಹಳದಿಯ ಬದಲು ಗುಲಾಬಿಯಾಗಿ ಕಂಡರೆ ಅದರಲ್ಲಿದ್ದ ಸತು ಉಪ್ಪುನೀರಿಗೆ ಕರಗಿಹೋಗಿದೆ. ಉಳಿದಿರುವುದು ಹೊಟ್ಟೆಯಲ್ಲಿ ರಂಧ್ರ ತುಂಬಿದ ತಾಮ್ರ. ಅದರ ಮೇಲೆ ಹೊಸ ಹೋಸ್ ಹಾಕುವುದು ವ್ಯರ್ಥ, ಫಿಟ್ಟಿಂಗನ್ನೇ ಬದಲಾಯಿಸಿ. ನೀರಿನ ಮಟ್ಟದ ಕೆಳಗೆ ಕಂಚು, ಸತು ಬಿಡದ ಡಿಜೆಡ್‌ಆರ್ ಹಿತ್ತಾಳೆ ಅಥವಾ ಗಾಜಿನ ನಾರು ಬೆರೆಸಿದ ಕಡಲ ದರ್ಜೆಯ ನೈಲಾನ್ ಇರಲಿ.

ಹೋಸ್ ತೆಗೆದಿರುವಾಗಲೇ ಹೀಟ್ ಎಕ್ಸ್‌ಚೇಂಜರ್‌ನ ಬಾಯೊಳಗೆ ಟಾರ್ಚ್ ಹಾಕಿ ನೋಡಿ. ಹಿಂದೆಂದೋ ಮುರಿದ ಇಂಪೆಲರ್‌ನ ರೆಕ್ಕೆಗಳು ಅಲ್ಲಿ ಸಿಕ್ಕಿಕೊಂಡಿರುವುದು ಸಾಮಾನ್ಯ.

ಯಾವ ಹೋಸ್ ಕೊಳ್ಳಬೇಕು? ಕಾರಿನ ರೇಡಿಯೇಟರ್ ಹೋಸ್ ನಡೆಯುತ್ತದೆಯೆ?

ಪಂಪಿಗೆ ನೀರು ತರುವ ಕಡೆ ನಡೆಯುವುದಿಲ್ಲ. ಅಲ್ಲಿ ಪಂಪು ನೀರನ್ನು ಎಳೆಯುತ್ತದೆ, ಹೋಸ್‌ನೊಳಗೆ ಒತ್ತಡ ಕುಸಿಯುತ್ತದೆ. ತಂತಿಯ ಸುರುಳಿ ಇಲ್ಲದ ಮೆದು ಹೋಸ್ ಚಪ್ಪಟೆಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ತಂತಿ ಬಲ ಇರುವ, ದೋಣಿಗೆಂದೇ ತಯಾರಾದ ದಪ್ಪ ಗೋಡೆಯ ಹೋಸ್ ಬೇಕು. ಪಾರದರ್ಶಕ ಪ್ಲಾಸ್ಟಿಕ್ ಹೋಸ್ ಎಷ್ಟೇ ಚೆನ್ನಾಗಿ ಕಂಡರೂ ಎಂಜಿನ್ ಕೋಣೆಗೆ ತರಬೇಡಿ, ಬಿಸಿಗೆ ಮೆತ್ತಗಾಗಿ ಕ್ಲಾಂಪಿನಿಂದ ಜಾರುತ್ತದೆ.

ಮಿಕ್ಸಿಂಗ್ ಎಲ್ಬೋದಿಂದ ಆಚೆಗೆ ನೀರಿನ ಜೊತೆ ಹೊಗೆಯೂ ಹರಿಯುವ ಹೋಸ್‌ಗೆ ಬೇರೆಯೇ ದರ್ಜೆ ಇದೆ. ಮೈಮೇಲೆ ಎಸ್‌ಎಇ ಜೆ2006 ಅಥವಾ ಐಎಸ್‌ಒ 13363 ಎಂದು ಅಚ್ಚಾಗಿರುವುದನ್ನು ನೋಡಿಯೇ ಕೊಳ್ಳಿ. ಇಲ್ಲಿ ಕಂಜೂಸಿತನ ಸಲ್ಲದು. ಈ ಹೋಸ್ ಬಿರಿದರೆ ಒಳಬರುವುದು ನೀರಷ್ಟೇ ಅಲ್ಲ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ. ಮಲಗಿದವರಿಗೆ ಅದು ತಿಳಿಯುವುದೂ ಇಲ್ಲ.

ತೀರಾ ಚಿಕ್ಕ ತಿರುವುಗಳಿಗೆ ನೇರ ಹೋಸನ್ನು ಬಲವಂತವಾಗಿ ಬಗ್ಗಿಸಬೇಡಿ. ಎಂಜಿನ್ ತಯಾರಕರು ಅಚ್ಚಿನಲ್ಲೇ ಬಾಗಿಸಿ ಮಾಡಿದ ಹೋಸ್ ಕೊಡುತ್ತಾರೆ. ಬೆಲೆ ಹೆಚ್ಚು, ಆದರೆ ಮಡಿಕೆ ಬೀಳುವುದಿಲ್ಲ.

ಅಳತೆ ಹೇಗೆ?

ಮೂತಿಯ ಹೊರವ್ಯಾಸವೇ ಹೋಸ್‌ನ ಒಳವ್ಯಾಸ. ಸಾಮಾನ್ಯವಾಗಿ 19, 25, 32 ಅಥವಾ 38 ಮಿಲಿಮೀಟರ್. ಇಂಚಿನಲ್ಲಿ ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ. ಹಳೆಯ ಹೋಸ್‌ನ ಬಾಯಿ ಹಿಗ್ಗಿರುತ್ತದೆ, ಅದನ್ನು ಅಳೆಯಬೇಡಿ. ಉದ್ದಕ್ಕೆ ಮಾತ್ರ ಹಳೆಯ ಹೋಸೇ ಅಚ್ಚು. ಕತ್ತರಿಸಿದ ತುಂಡುಗಳನ್ನು ಎಸೆಯದೆ ಜೋಡಿಸಿ ಅಳೆಯಿರಿ. ಎಂಜಿನ್ ರಬ್ಬರ್ ಕಾಲುಗಳ ಮೇಲೆ ಅಲುಗಾಡುತ್ತದೆ, ದೋಣಿಯ ಒಡಲು ಅಲುಗಾಡುವುದಿಲ್ಲ. ಎರಡರ ನಡುವಿನ ಹೋಸ್ ಬಿಗಿಯಾಗಿ ಎಳೆದಂತಿರದೆ ಸ್ವಲ್ಪ ಸಡಿಲವಾಗಿ ಬಾಗಿರಬೇಕು. ಕತ್ತರಿಸುವ ಕಡೆ ಒಂದು ಕ್ಲಾಂಪ್ ಬಿಗಿದು ಅದರ ಅಂಚನ್ನೇ ಹಿಡಿದು ಕತ್ತರಿಸಿದರೆ ತುದಿ ನೇರವಾಗಿ ಬರುತ್ತದೆ.

ಹೊಸ ಹೋಸ್ ಮೂತಿಯ ಮೇಲೆ ಏರುತ್ತಲೇ ಇಲ್ಲ.

ತಂತಿ ಇರುವ ಹೊಸ ಹೋಸ್ ಹಳೆಯದರಷ್ಟೇ ಮೊಂಡು. ತುದಿಯ ಐದಾರು ಸೆಂಟಿಮೀಟರನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿಡಿ. ಮೂತಿಗೂ ಹೋಸ್‌ನ ಒಳಗೂ ಪಾತ್ರೆ ತೊಳೆಯುವ ದ್ರವ ಸವರಿ. ಹೋಸ್ ಎಲ್ಲಿಯವರೆಗೆ ಬರಬೇಕೋ ಅಲ್ಲಿ ಮೂತಿಯ ಮೇಲೆ ಟೇಪಿನ ಗುರುತು ಹಾಕಿಕೊಂಡಿರಿ, ಅರ್ಧಕ್ಕೇ ನಿಂತದ್ದು ಪೂರ್ತಿ ಕೂತಂತೆ ಕಾಣಬಾರದು. ಕ್ಲಾಂಪ್‌ಗಳನ್ನು ಮೊದಲೇ ಹೋಸ್‌ಗೆ ಏರಿಸಿಕೊಳ್ಳಿ. ಬಿಸಿ ಆರುವ ಮೊದಲು ತಿರುಚುತ್ತ ತಳ್ಳಿ.

ಎರಡೂ ತುದಿಗಳಲ್ಲಿ ಕಷ್ಟದ್ದು ಯಾವುದೋ ಅದನ್ನು ಮೊದಲು ಕೂರಿಸಿ. ಸಾಧ್ಯವಿದ್ದರೆ ಸ್ಟ್ರೈನರನ್ನೋ ಪಂಪನ್ನೋ ಬೋಲ್ಟ್ ಬಿಚ್ಚಿ ಹೊರತಂದು, ಮೇಜಿನ ಮೇಲೆ ಹೋಸ್ ಹಾಕಿ, ಒಟ್ಟಿಗೆ ಮರಳಿ ಕೂರಿಸಿ. ಹೆಚ್ಚುವರಿ ಕೆಲಸದಂತೆ ಕಂಡರೂ ಕಡೆಗೆ ಸಮಯ ಉಳಿಯುತ್ತದೆ. ತಂತಿಯ ಹೋಸ್ ತಿರುಚಿಕೊಂಡ ಸ್ಥಿತಿಯಲ್ಲಿ ಕೂತರೆ ದಿನಗಳೆದಂತೆ ತಾನೇ ಬಿಚ್ಚಿಕೊಳ್ಳಲು ನೋಡುತ್ತದೆ. ಉದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದಿದ್ದರೆ ತಿರುಚಿದ್ದು ತಕ್ಷಣ ಕಾಣುತ್ತದೆ.

ಸೀಲೆಂಟ್ ಹಚ್ಚಬೇಕೆ?

ಬೇಡ. ಶುಚಿಯಾದ ಮೂತಿ, ಸರಿಯಾದ ಅಳತೆಯ ಹೋಸ್, ಒಳ್ಳೆಯ ಕ್ಲಾಂಪ್ ಇದ್ದರೆ ಸೋರುವುದಿಲ್ಲ. ಅಂಟು ಹಚ್ಚಿದರೆ ಮುಂದಿನ ಸಲ ಬಿಚ್ಚುವವರಿಗೆ ನರಕ.

ಕ್ಲಾಂಪ್ ಒಂದು ಸಾಕೆ, ಎರಡು ಬೇಕೆ?

ನೀರಿನ ಮಟ್ಟದ ಕೆಳಗೆ ಮತ್ತು ಎಗ್ಸಾಸ್ಟ್ ಹೋಸ್‌ನಲ್ಲಿ ಎರಡು, ಮೂತಿ ಸಾಕಷ್ಟು ಉದ್ದವಿದ್ದರೆ. ಗಿಡ್ಡ ಮೂತಿಗೆ ಎರಡನ್ನು ತುರುಕಿದರೆ ಒಂದು ಮೂತಿಯ ಆಚೆಗೆ ಬಿದ್ದು ಹೋಸನ್ನೇ ಕತ್ತರಿಸುತ್ತದೆ. ಅಲ್ಲಿ ಒಂದೇ ಒಳ್ಳೆಯದನ್ನು ಹಾಕಿ. ಎರಡರ ಸ್ಕ್ರೂಗಳು ಎದುರುಬದುರು ಇರಲಿ.

ಪಟ್ಟಿ, ಸ್ಕ್ರೂ ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವು ಆಗಿರಬೇಕು. ಪಟ್ಟಿ ಮಾತ್ರ ಒಳ್ಳೆಯದಿದ್ದು ಸ್ಕ್ರೂ ಸಾದಾ ಉಕ್ಕಿನದಾಗಿರುವ ಕ್ಲಾಂಪ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅಯಸ್ಕಾಂತ ಸ್ಕ್ರೂವನ್ನು ಗಟ್ಟಿಯಾಗಿ ಹಿಡಿದರೆ ಕೊಳ್ಳಬೇಡಿ. ಪಟ್ಟಿಯಲ್ಲಿ ಆರಪಾರ ತೂತುಗಳಿದ್ದರೆ ಅವು ರಬ್ಬರನ್ನು ಕೊಯ್ಯುತ್ತವೆ, ಅಚ್ಚೊತ್ತಿದ ಹಲ್ಲುಗಳಿರುವುದೇ ಮೇಲು. ಬಿಗಿಯಲು ಸ್ಕ್ರೂಡ್ರೈವರ್‌ಗಿಂತ 7 ಅಥವಾ 8 ಮಿಲಿಮೀಟರ್ ಸಾಕೆಟ್ ಒಳ್ಳೆಯದು, ಜಾರುವುದಿಲ್ಲ. ರಬ್ಬರ್ ಪಟ್ಟಿಯ ಅಂಚಿನಲ್ಲಿ ಸ್ವಲ್ಪ ಉಬ್ಬುವಷ್ಟು ಬಿಗಿದರೆ ಸಾಕು.

ಹಳೆಯ ಕ್ಲಾಂಪ್ ಹೊಳೆಯುತ್ತಿದೆ ಎಂದು ಮತ್ತೆ ಬಳಸುವ ಮುನ್ನ ತಿರುಗಿಸಿ, ಸ್ಕ್ರೂ ಇರುವ ಡಬ್ಬಿಯ ತಳದ ಪಟ್ಟಿಯನ್ನು ನೋಡಿ. ಗಾಳಿಯಾಡದೆ ಒದ್ದೆ ನಿಲ್ಲುವ ಆ ಜಾಗದಲ್ಲೇ ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿದು ತುಂಡಾಗುವುದು.

ಎಲ್ಲ ಜೋಡಿಸಿಯಾಯಿತು. ಎಂಜಿನ್ ಶುರುಮಾಡಬಹುದೆ?

ಮೊದಲು ಸೀಕಾಕ್ ತೆರೆದು, ಒಣಬಟ್ಟೆಯಿಂದ ಪ್ರತಿ ಸಂದನ್ನೂ ಒರೆಸಿ ನೋಡಿ. ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅದಕ್ಕೆ ನೀರು ತುಂಬಿ ಮುಚ್ಚಳ ಹಾಕಿ. ಒಣಗಿದ ಇಂಪೆಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿಯುತ್ತದೆ. ಶುರುಮಾಡಿದೊಡನೆ ಹಿಂದೆ ನೀರು ಉಗುಳುತ್ತಿದೆಯೇ ನೋಡಿ. ಅರ್ಧ ನಿಮಿಷದಲ್ಲಿ ಬರದಿದ್ದರೆ ನಿಲ್ಲಿಸಿ.

ಎಂಜಿನ್ ಶುರುವಾಗದೆ ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸಬೇಕಾಗಿ ಬಂದರೆ ಸೀಕಾಕ್ ಮುಚ್ಚಿ. ಪ್ರತಿ ತಿರುವಿಗೂ ಪಂಪು ಮಫ್ಲರ್‌ಗೆ ನೀರು ತುಂಬುತ್ತಲೇ ಇರುತ್ತದೆ, ಅದನ್ನು ಹೊರದೂಡುವ ಹೊಗೆಯ ಒತ್ತಡ ಇರುವುದಿಲ್ಲ. ತುಂಬಿದ ನೀರು ಹಿಂದಕ್ಕೆ ಸಿಲಿಂಡರ್‌ಗೆ ನುಗ್ಗಿದರೆ ಎಂಜಿನ್ನೇ ಹೋಗುತ್ತದೆ. ಎಂಜಿನ್ ಹೊತ್ತಿಕೊಂಡ ಕ್ಷಣವೇ ಸೀಕಾಕ್ ತೆರೆಯಲು ಮರೆಯದಿರಿ.

ಎಂಜಿನ್ ಚೆನ್ನಾಗಿ ಬಿಸಿಯಾಗಿ ಮತ್ತೆ ಆರಿದ ಮೇಲೆ ಎಲ್ಲ ಕ್ಲಾಂಪ್‌ಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಹೊಸ ರಬ್ಬರ್ ಕೂತುಕೊಂಡಿರುತ್ತದೆ, ಸ್ಕ್ರೂ ಅರ್ಧ ಸುತ್ತಾದರೂ ತಿರುಗುತ್ತದೆ.

ಹೋಸ್ ಬದಲಾಯಿಸಿದ ಮೇಲೆ ಎಂಜಿನ್ ಮೊದಲಿಗಿಂತ ಬಿಸಿಯಾಗುತ್ತಿದೆ. ಎಲ್ಲಿ ತಪ್ಪಿತು?

ಹೆಚ್ಚಾಗಿ ಎಳೆಯುವ ಕಡೆ ಗಾಳಿ ನುಸುಳುತ್ತಿರುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿನ ಸಂದುಗಳಲ್ಲಿ ಈ ಸೋರಿಕೆ ಹೊರಗೆ ಹನಿಯಾಗಿ ಕಾಣುವುದಿಲ್ಲ, ಗಾಳಿ ಒಳಗೆ ಹೋಗುತ್ತದಷ್ಟೇ. ಸ್ಟ್ರೈನರ್‌ಗೆ ಪಾರದರ್ಶಕ ಬಟ್ಟಲಿದ್ದರೆ ಎಂಜಿನ್ ಓಡುವಾಗ ಅದರೊಳಗೆ ಗುಳ್ಳೆಗಳು ಓಡುತ್ತಿವೆಯೇ ನೋಡಿ. ಮುಚ್ಚಳದ ಗ್ಯಾಸ್ಕೆಟ್ ಸರಿಯಾಗಿ ಕೂರದಿರುವುದೇ ಬಹಳ ಸಲ ಕಾರಣ. ಅದಲ್ಲದಿದ್ದರೆ ಪಂಪಿನ ಮೊದಲಿನ ಕ್ಲಾಂಪ್‌ಗಳು. ಬಳಿಕ ಹೊಸ ಹೋಸ್ ಎಲ್ಲಾದರೂ ಮಡಿಕೆ ಬಿದ್ದಿದೆಯೇ, ಎಂಜಿನ್ ವೇಗ ಹೆಚ್ಚಿದಾಗ ಚಪ್ಪಟೆಯಾಗುತ್ತಿದೆಯೇ ಎಂದು ಗಮನಿಸಿ. ತಿರುಗುವ ಬೆಲ್ಟಿನ ಹತ್ತಿರ ಕೈ ಒಯ್ಯದೆ, ಟಾರ್ಚ್ ಬೆಳಕಿನಲ್ಲೇ ನೋಡಿ. ಹಳೆಯ ಹೋಸ್ ಸುಲಿಯುವಾಗ ಒಳಗೆ ಬಿದ್ದ ರಬ್ಬರ್ ಚೂರುಗಳೂ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳ ಬಾಯಿಗೆ ಅಡ್ಡ ಕೂರಬಹುದು. ಅದರ ತುದಿಯ ಮುಚ್ಚಳ ತೆಗೆದರೆ ಅವು ಕೈಗೇ ಸಿಗುತ್ತವೆ.